ಬ್ರೇಕ್ ಲೈನಲ್ಲಿ ಗಾಳಿ ಉಳಿದ್ರೆ ಕಷ್ಟ

ಸಂಪಾದಕರೇ,

ವಿಡಿಯೋ ನೋಡ್ಕೊಂಡು ಮನೇಲೇ ಕಾರ್ ಬ್ರೇಕ್ ಬಿಚ್ಚೋರು ಜಾಸ್ತಿ ಆಗಿದ್ದಾರೆ, ನಾನೂ ಅದೇ ಗುಂಪು. ಹೋದ ತಿಂಗಳು ಹಿಂದಿನ ವೀಲ್ ಸಿಲಿಂಡರ್ (ಚಕ್ರದ ಹತ್ರ ಬ್ರೇಕ್ ಒತ್ತೋ ಭಾಗ) ನಾನೇ ಬದಲಾಯಿಸ್ದೆ, ಎಲ್ಲಾ ಟೈಟ್ ಮಾಡಿ ಪೆಡಲ್ ಒತ್ತಿದ್ರೆ ಸ್ಪಂಜ್ ತುಳಿದಂಗೆ ಮೆತ್ತಗೆ ಒಳಗೇ ಹೋಯ್ತು. ಲೈನಲ್ಲಿ ಗಾಳಿ! ಬ್ರೇಕ್ ಫ್ಲೂಯಿಡ್, ಅಂದ್ರೆ ಲೈನಲ್ಲಿರೋ ದ್ರವ, ಕುಗ್ಗಲ್ಲ, ಗಾಳಿ ಕುಗ್ಗುತ್ತೆ, ಕಾಲಿನ ಒತ್ತಡ ಎಲ್ಲಾ ಅದ್ರಲ್ಲೇ ಮುಗಿದುಹೋಗುತ್ತೆ.

ಆ ಗಾಳಿ ತೆಗೆಯೋಕೆ ಮಗಳನ್ನ ಸೀಟಲ್ಲಿ ಕೂರಿಸಿ "ಒತ್ತು, ಹಿಡ್ಕೋ" ಅಂತ ಕೂಗ್ತಾ ನಾನು ಕೆಳಗೆ ಮಲ್ಕೊಂಡು ಚಕ್ರದ ಹತ್ರ ಗಾಳಿ ಬಿಡೋ ನಿಪ್ಪಲ್ ಸಡಿಲ ಮಾಡೋದು, ಟ್ಯೂಬಲ್ಲಿ ಗುಳ್ಳೆ ಬಂದ ತಕ್ಷಣ ಮುಚ್ಚೋದು, ಮುಚ್ಚಿದ್ಮೇಲೇ ಅವಳು ಕಾಲು ತೆಗೀಬೇಕು, ಇಲ್ಲಾಂದ್ರೆ ಮತ್ತೆ ಗಾಳಿ ಎಳ್ಕೊಳ್ಳುತ್ತೆ. ಮಧ್ಯೆ ಮೇಲಿನ ಫ್ಲೂಯಿಡ್ ಡಬ್ಬಿ ಖಾಲಿಯಾಗಿದ್ದು ನೋಡ್ಲಿಲ್ಲ, ಮತ್ತೆ ಗಾಳಿ ಹೊಕ್ತು, ಮೊದಲಿಂದ ಶುರು. ಚೆಲ್ಲಿದ್ದು ಪೇಂಟನ್ನೂ ತಿಂತು, ಅದು ಬೇರೆ ಕಥೆ.

ಇನ್ನೊಂದು, ಓಪನ್ ಮಾಡಿಟ್ಟ ಹಳೇ ಫ್ಲೂಯಿಡ್ ಹಾಕ್ಬೇಡಿ. ಡಾಟ್ 4 ಅನ್ನೋ ದರ್ಜೆಯ ಫ್ಲೂಯಿಡ್ ಹೊಸದಾಗಿದ್ರೆ ಕುದಿಯದೆ ಕಮ್ಮಿ ಅಂದ್ರೂ 230 ಡಿಗ್ರಿ ಸೆಲ್ಸಿಯಸ್ ತಡೆಯುತ್ತೆ, ತೇವ ಹೀರಿದ್ರೆ 155ರ ಹತ್ರಾನೇ ಕುದ್ದು ಗುಳ್ಳೆ ಏಳಬಹುದು, ಪೆಡಲ್ ಮತ್ತೆ ಮೆತ್ತಗಾಗುತ್ತೆ, ಚಾರ್ಮಾಡಿ ಘಾಟಿ ಇಳಿಯುವಾಗ ಹಂಗಾದ್ರೆ ದೇವ್ರೇ ಗತಿ. ನಿಮ್ಮ ವಾಹನ ಪುಟದಲ್ಲಿ ಹೊಸ ಮಾಡೆಲ್ ರೇಟ್ ಜತೆ ಇಂಥದ್ದೂ ಸ್ವಲ್ಪ ಹಾಕಿ.

— ಒಬ್ಬ ಓದುಗ, ಹಾಸನ