ಮಾರ್ಗಸೂಚಿ ಬರೆಯುವ ಮೊದಲ ದಿನವೇ ಲೈಬ್ರರಿಯವರನ್ನು ಕರೆಯಿರಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲಿ ಏನಾದರೂ ಎಡವಟ್ಟಾದರೆ ಜನ ಡಾಕ್ಟರನ್ನು ಕೇಳುತ್ತಾರೆ, ನರ್ಸನ್ನು ಕೇಳುತ್ತಾರೆ. ಅವರು ಯಾವ ಕಾಗದ ನೋಡಿಕೊಂಡು ಆ ಕೆಲಸ ಮಾಡಿದರು, ಆ ಕಾಗದ ಎಷ್ಟು ಹಳೆಯದು ಅಂತ ಕೇಳುವವರು ಕಡಿಮೆ. ನಾನು ಆಸ್ಪತ್ರೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಇಂಥ ಕಾಗದಗಳ ಜೊತೆಗೇ ದಿನವೂ ಏಗುತ್ತೇನೆ. ಹಾಗಾಗಿ ಈ ಪತ್ರ.

ದೊಡ್ಡ ಆಸ್ಪತ್ರೆ ಅಂದಮೇಲೆ ನೂರಾರು ನಿಯಮಗಳು, ಮಾರ್ಗಸೂಚಿಗಳು ಇದ್ದೇ ಇರುತ್ತವೆ. ರಕ್ತ ಕೊಡುವ ಮುಂಚೆ ಏನೇನು ನೋಡಬೇಕು, ರೋಗಿ ಮಂಚದಿಂದ ಬಿದ್ದರೆ ಯಾರಿಗೆ ತಿಳಿಸಬೇಕು, ಸೂಜಿ ಚುಚ್ಚಿಕೊಂಡ ಸಿಬ್ಬಂದಿ ಮೊದಲು ಏನು ಮಾಡಬೇಕು, ಎಲ್ಲದಕ್ಕೂ ಒಂದೊಂದು ಫೈಲು. ಬರೆಯುವಾಗ ಎಲ್ಲರಿಗೂ ಹುರುಪು. ಸಹಿ ಬಿದ್ದಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಬರೆದ ಡಾಕ್ಟರು ಬೇರೆ ಕಡೆ ಹೋಗಿರುತ್ತಾರೆ. ಫೈಲು ಯಾರದೋ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅದರದೇ ಇನ್ನೊಂದು ಪ್ರತಿ, ಎರಡು ಸಾಲು ತಿದ್ದಿದ್ದು, ಇನ್ನೊಂದು ವಿಭಾಗದಲ್ಲಿ ಓಡಾಡುತ್ತಿರುತ್ತದೆ.

ನಾನೇ ಕಂಡ ಒಂದು ಚಾರ್ಟಿನ ವಿಷಯ ಹೇಳುತ್ತೇನೆ. ವಾರ್ಡೊಂದರ ಗೋಡೆಯ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ ತುರ್ತು ಚಿಕಿತ್ಸೆಯ ಚಾರ್ಟ್ ಇತ್ತು. ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿದ್ದು, ಮೂಲೆಗಳಲ್ಲಿ ಟೇಪು ಹಳದಿಯಾಗಿತ್ತು. ಮೊದಲು ಉಸಿರಿನ ದಾರಿ ಸರಿಮಾಡಿ, ಆಮೇಲೆ ಉಸಿರು ಕೊಡಿ, ಕೊನೆಗೆ ಎದೆ ಒತ್ತಿ ಅಂತ ಅದರಲ್ಲಿತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಕ್ರಮವನ್ನು 2010ರಲ್ಲೇ ಬದಲಿಸಿತು. ಮೊದಲು ಎದೆ ಒತ್ತುವುದು ಶುರು ಮಾಡಿ ಅಂದಿತು. 2015ರಲ್ಲಿ ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ, 6 ದಾಟಬಾರದು ಅಂತ ಇನ್ನೂ ಖಚಿತ ಮಾಡಿತು. ಕಂಪ್ಯೂಟರಿನಲ್ಲಿದ್ದ ನಮ್ಮ ಮಾರ್ಗಸೂಚಿ ಸರಿಯಾಗೇ ಇತ್ತು. ತರಬೇತಿಯಲ್ಲೂ ಹೊಸದನ್ನೇ ಕಲಿಸುತ್ತಿದ್ದರು. ಗೋಡೆ ಮಾತ್ರ ಹಳೆಯದನ್ನೇ ಹೇಳುತ್ತಿತ್ತು. ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಸೇರಿದ ಸಿಸ್ಟರ್ ಕಣ್ಣು ಹೋಗುವುದು ಗೋಡೆಗೇ ಅಲ್ವಾ?

ಆ ಚಾರ್ಟನ್ನು ಕಿತ್ತುಹಾಕುವುದು ಯಾರ ಕೆಲಸ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ. ನಾನು ಕೇಳುತ್ತಿರುವುದು ಈ ಕೆಲಸವನ್ನೇ. ಪ್ರತಿ ಮಾರ್ಗಸೂಚಿಗೆ ಒಬ್ಬರು ಹೊಣೆಗಾರರು, ಒಂದು ಆವೃತ್ತಿ ಸಂಖ್ಯೆ, ಮತ್ತೆ ಪರಿಶೀಲಿಸಬೇಕಾದ ತಾರೀಖು, ಪ್ರಿಂಟ್ ಹಾಕಿದ ಪ್ರತಿಗಳು ಎಲ್ಲೆಲ್ಲಿವೆ ಅನ್ನುವ ಲೆಕ್ಕ. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಇಡುವುದು ಲೈಬ್ರರಿಯವರಿಗೆ ಹೊಸದೇನಲ್ಲ. ಅದೇ ನಮ್ಮ ಕಸುಬು.

ಪರಿಶೀಲನೆಯ ತಾರೀಖು ಸುಮ್ನೆ ಹಾಕುವುದಲ್ಲ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆಯೊಂದು ಹೊರಡಿಸಿದ್ದ 17 ಮಾರ್ಗಸೂಚಿಗಳನ್ನು ತಜ್ಞರು ಮತ್ತೆ ತೆಗೆದು ನೋಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂವರೆ ವರ್ಷ ದಾಟುವಷ್ಟರಲ್ಲಿ ಹತ್ತರಲ್ಲಿ ಒಂದು ಹಳತಾಗಿರುತ್ತದೆ, ಆರು ವರ್ಷ ತುಂಬುವ ಮುಂಚೆಯೇ ಅರ್ಧದಷ್ಟು ಹಳತಾಗಿರುತ್ತವೆ ಅಂತ ಅವರ ಲೆಕ್ಕ ಹೇಳಿತು. ಮೂರು ವರ್ಷಕ್ಕೊಮ್ಮೆಯಾದರೂ ನೋಡಿ ಅಂದರು. ಎಷ್ಟೋ ಕಡೆ ಆ ತಾರೀಖು ಬಂದಾಗ ಆಗುವುದೇನು ಗೊತ್ತಾ? ಮೊದಲ ಪುಟದಲ್ಲಿ ವರ್ಷ ತಿದ್ದುತ್ತಾರೆ, ಒಳಗಿನದನ್ನು ಯಾರೂ ಮುಟ್ಟುವುದಿಲ್ಲ.

ಇದಕ್ಕಿಂತ ಜಾಸ್ತಿ ನನಗೆ ಸಂಕಟ ಆಗುವುದು ಇನ್ನೊಂದು ವಿಷಯಕ್ಕೆ. ಕಮಿಟಿ ತಿಂಗಳುಗಟ್ಟಲೆ ಕೂತು ಮಾರ್ಗಸೂಚಿ ಬರೆಯುತ್ತದೆ. ನಾಳೆ ಸಹಿ ಆಗಬೇಕು ಅನ್ನುವಾಗ ಇವತ್ತು ಸಂಜೆ ಲೈಬ್ರರಿಗೆ ಫೋನ್ ಬರುತ್ತದೆ: ‘ಮೇಡಂ, ಇದಕ್ಕೊಂದಿಷ್ಟು ರೆಫರೆನ್ಸ್ ಹಾಕಿಕೊಡಿ.’ ಅಂದರೆ ತೀರ್ಮಾನ ಮೊದಲೇ ಆಗಿದೆ, ಅದಕ್ಕೆ ಹೊಂದುವ ಪುರಾವೆ ಈಗ ಬೇಕು. ಹೀಗೆ ಹುಡುಕಿದರೆ ಒಪ್ಪುವ ಲೇಖನಗಳು ಸಿಕ್ಕೇ ಸಿಗುತ್ತವೆ. ಒಪ್ಪದವು ಕಣ್ಣಿಗೆ ಬೀಳುವುದೇ ಇಲ್ಲ. ವೈದ್ಯಕೀಯ ಲೇಖನಗಳನ್ನು ಹುಡುಕುವ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಈಗ ಮೂರೂವರೆ ಕೋಟಿಗಿಂತ ಹೆಚ್ಚು ದಾಖಲೆಗಳಿವೆ. ಬೇಕಾದ ಮಾತಿಗೆ ಬೆಂಬಲ ಅಲ್ಲಿ ಯಾರಿಗೂ ಸಿಗುತ್ತದೆ.

ಹುಡುಕಾಟದಲ್ಲಿ ಬಿಟ್ಟುಹೋದದ್ದು ಎಷ್ಟು ದುಬಾರಿ ಆಗಬಹುದು ಅನ್ನುವುದನ್ನು 2001ರ ಘಟನೆಯೊಂದು ತೋರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಸ್ತಮಾ ಕುರಿತ ಅಧ್ಯಯನ ನಡೆಯುತ್ತಿತ್ತು. ಅದರಲ್ಲಿ ಭಾಗವಹಿಸಿದ್ದ, ಆರೋಗ್ಯವಾಗಿದ್ದ 24 ವರ್ಷದ ಯುವತಿ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಜೊತೆ ತೆಗೆದುಕೊಂಡ ಮೇಲೆ ಶ್ವಾಸಕೋಶ ಕೆಟ್ಟು ತೀರಿಕೊಂಡಳು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿ ಆಗಬಹುದು ಅನ್ನುವ ವರದಿಗಳು 1950ರ ದಶಕದಲ್ಲೇ ಬಂದಿದ್ದವು. ಆದರೆ ಪಬ್‌ಮೆಡ್ ಆಗ 1966ರಿಂದ ಈಚಿನದ್ದನ್ನಷ್ಟೇ ತೋರಿಸುತ್ತಿತ್ತು. ಹಳೆಯ ವರದಿಗಳು ಮುದ್ರಿತ ಸೂಚಿಗಳಲ್ಲಿ ಇದ್ದವು. ಹುಡುಕಿದ ಜಾಗದಲ್ಲಿ ಸಿಗಲಿಲ್ಲ ಅಂದಾಗ ಇನ್ನೆಲ್ಲಿ ನೋಡಬೇಕು ಅನ್ನುವುದು ಬೇರೆಯದೇ ವಿದ್ಯೆ. ಅದನ್ನು ಕಲಿತವರು ಆಸ್ಪತ್ರೆಯಲ್ಲೇ ಇದ್ದರೆ ಮೊದಲೇ ಕೇಳಬಹುದಲ್ವಾ?

ಇನ್ನು, ಒಮ್ಮೆ ಸರಿಯಾಗಿ ಹುಡುಕಿದರೆ ಮುಗಿಯಿತು ಅಂತಲೂ ಇಲ್ಲ. ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿ 2009ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಹೃದಯಕ್ಕೆ ಸಂಬಂಧಿಸದ ಆಪರೇಷನ್‌ಗಳ ಮುಂಚೆ ಕೆಲವು ರೋಗಿಗಳಿಗೆ ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನ ಮಾಡುವ ಔಷಧ) ಶುರು ಮಾಡಿ ಅನ್ನುವ ಸಲಹೆ ಅದರಲ್ಲಿತ್ತು. ಸಲಹೆ ಬಹುಮಟ್ಟಿಗೆ ನೆದರ್ಲೆಂಡ್ಸ್‌ನ ಕೆಲವು ಅಧ್ಯಯನಗಳ ಮೇಲೆ ನಿಂತಿತ್ತು. 2011ರಲ್ಲಿ ಆ ಅಧ್ಯಯನಗಳ ದತ್ತಾಂಶವೇ ನಂಬುವ ಹಾಗಿಲ್ಲ ಅಂತ ಬಯಲಾಯಿತು. ಅವನ್ನು ಬಿಟ್ಟು, ಉಳಿದ ನಂಬಬಹುದಾದ ಪ್ರಯೋಗಗಳನ್ನಷ್ಟೇ ಸೇರಿಸಿ 2013ರಲ್ಲಿ ಲೆಕ್ಕ ಹಾಕಿದವರಿಗೆ ಸಿಕ್ಕ ಉತ್ತರ: ಹೀಗೆ ಔಷಧ ಶುರು ಮಾಡಿದರೆ ತಿಂಗಳೊಳಗೆ ಸಾಯುವ ಅಪಾಯ ಶೇ 27ರಷ್ಟು ಹೆಚ್ಚು. ಯುರೋಪಿನ ಮಾರ್ಗಸೂಚಿ ಬದಲಾದದ್ದು 2014ರಲ್ಲಿ.

ಈ ನಡುವಿನ ವರ್ಷಗಳನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಆ ಸಲಹೆಯನ್ನು ತಮ್ಮ ಫೈಲಿಗೆ ಇಳಿಸಿಕೊಂಡ ಆಸ್ಪತ್ರೆಗೆ ತನ್ನ ಯಾವ ಪುಟದ ಬುಡ ಅಲುಗಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ? ಪ್ರತಿ ಶಿಫಾರಸಿನ ಪಕ್ಕದಲ್ಲಿ ಅದರ ಆಧಾರವನ್ನು ಬರೆದಿಟ್ಟಿದ್ದರೆ ಗೊತ್ತಾಗುತ್ತದೆ. ಒಂದು ಲೇಖನವನ್ನು ಹಿಂತೆಗೆದುಕೊಂಡರು ಅನ್ನುವ ಸುದ್ದಿ ಬಂದ ದಿನವೇ ನಾವು ಪಟ್ಟಿ ತೆಗೆದು, ನಮ್ಮ ಯಾವ ಯಾವ ಮಾರ್ಗಸೂಚಿ ಇದನ್ನು ನೆಚ್ಚಿಕೊಂಡಿದೆ ಅಂತ ಹೊಣೆಗಾರರಿಗೆ ತಿಳಿಸಬಹುದು. ಈಗ ಎಐ ಕೇಳಿದರೆ ಕ್ಷಣದಲ್ಲಿ ರೆಫರೆನ್ಸ್ ಬರುತ್ತದಲ್ಲ ಅನ್ನುವವರಿದ್ದಾರೆ. ಇಲ್ಲದ ಲೇಖನದ ಹೆಸರನ್ನೂ ಅದು ಅಷ್ಟೇ ಸಲೀಸಾಗಿ ಕೊಡುತ್ತದೆ. ಒಂದೊಂದನ್ನೂ ತೆರೆದು, ಓದಿ, ಇದೆ ಅಂತ ಖಾತ್ರಿ ಮಾಡಿಕೊಳ್ಳುವವರು ಯಾರಾದರೂ ಬೇಕೇ ಬೇಕು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಎಷ್ಟು ಡೋಸ್ ಕೊಡಬೇಕು, ಯಾರಿಗೆ ಆಪರೇಷನ್ ಬೇಕು ಅಂತ ತೀರ್ಮಾನಿಸುವುದು ಡಾಕ್ಟರು, ನರ್ಸು, ಫಾರ್ಮಸಿಸ್ಟರ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಮಾರ್ಗಸೂಚಿಯ ಗುಣಮಟ್ಟ ಅಳೆಯಲು ಅಗ್ರೀ-2 ಅನ್ನುವ 23 ಅಂಶಗಳ ಅಳತೆಗೋಲು ಇದೆ. ಪುರಾವೆಯನ್ನು ಕ್ರಮಬದ್ಧವಾಗಿ ಹುಡುಕಿದ್ದೀರಾ, ಮುಂದೆ ಪರಿಷ್ಕರಿಸಲು ಏನು ವ್ಯವಸ್ಥೆ ಮಾಡಿದ್ದೀರಿ ಅಂತ ಅದು ನೇರವಾಗಿ ಕೇಳುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರನ್ನು ಕಮಿಟಿಯಿಂದ ಹೊರಗಿಡುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬರೆದದ್ದು ಸಿಗಬೇಕಲ್ಲ, ಅದೂ ಇದೆ. ರಾತ್ರಿ ಪಾಳಿಯ ಸಿಸ್ಟರ್ ‘ಪೊಟ್ಯಾಸಿಯಂ’ ಅಂತ ಟೈಪ್ ಮಾಡುತ್ತಾರೆ. ಫೈಲಿನ ಹೆಸರು ‘ಎಲೆಕ್ಟ್ರೊಲೈಟ್ ಅಸಮತೋಲನ ನಿರ್ವಹಣೆ, ಅಂತಿಮ, ಹೊಸದು, 2’. ಪೊಟ್ಯಾಸಿಯಂ ಕೂಡ ಎಲೆಕ್ಟ್ರೊಲೈಟ್‌ಗಳಲ್ಲೊಂದು, ಆದರೂ ಏನೂ ಸಿಗುವುದಿಲ್ಲ. ಅವರು ಪಕ್ಕದ ವಾರ್ಡಿನವರನ್ನು ಕೇಳಿ, ಅವರ ನೆನಪಿನಲ್ಲಿದ್ದದ್ದನ್ನು ಮಾಡುತ್ತಾರೆ. ಕೆಲಸ ಮಾಡುವವರ ಬಾಯಲ್ಲಿರುವ ಪದಗಳನ್ನೆಲ್ಲ ಆ ಫೈಲಿಗೆ ಜೋಡಿಸಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಹಾಗೆಯೇ ಹಳೆಯ ಆವೃತ್ತಿಗಳನ್ನು ಅಳಿಸಬಾರದು, ಬಳಕೆಯಿಂದ ತೆಗೆದು ಬೇರೆ ಕಡೆ ಭದ್ರವಾಗಿಡಬೇಕು. ವರ್ಷಗಳ ನಂತರ ರೋಗಿಯ ಮನೆಯವರು ದೂರು ಕೊಟ್ಟರೆ, ಆ ದಿನ ಜಾರಿಯಲ್ಲಿದ್ದ ನಿಯಮ ಯಾವುದು ಅಂತ ತೋರಿಸಬೇಕಾಗುತ್ತದೆ. ಅದು ರೋಗಿಗೂ ನ್ಯಾಯ, ಸಿಬ್ಬಂದಿಗೂ ನ್ಯಾಯ.

ಆಸ್ಪತ್ರೆ ನಡೆಸುವವರು ಈ ಪತ್ರ ಓದಿದರೆ ನನ್ನ ಕೋರಿಕೆ ಇಷ್ಟೇ. ಮುಂದಿನ ಮಾರ್ಗಸೂಚಿಯ ಮೊದಲ ಸಭೆಗೇ ನಿಮ್ಮ ಗ್ರಂಥಪಾಲಕರನ್ನು ಕರೆಯಿರಿ. ಯಾವ ರೋಗಿಗಳಿಗೆ, ಯಾವ ಚಿಕಿತ್ಸೆಯ ಬಗ್ಗೆ, ಯಾವಾಗಿನೊಳಗೆ ಬೇಕು ಅನ್ನುವುದನ್ನು ಹೇಳಿ. ಹುಡುಕಾಟಕ್ಕೆ ಎರಡು ವಾರವಾದರೂ ಕೊಡಿ. ಪಟ್ಟಿ ನೋಡಿಕೊಳ್ಳುವ ಹೊಣೆಯನ್ನು ಬಾಯಿಮಾತಿನಲ್ಲಿ ಬಿಡದೆ, ಆದೇಶದಲ್ಲಿ ಬರೆದು ಕೊಡಿ.

ಇಂತಿ,
ಆಸ್ಪತ್ರೆಯೊಂದರ ಗ್ರಂಥಪಾಲಕಿ