ಎಡಗೈಯಲ್ಲೇ ಬರೆ, ಪುಟ್ಟಿ

ಕುಂಬಳೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಬಿಡುವು ಕೊಡುತ್ತಿಲ್ಲ. ತೋಟಕ್ಕೆ ಮದ್ದು ಬಿಡುವವರು ಸಿಗದೆ ನಿನ್ನ ಅತ್ತೆಗೆ ಅದೇ ಚಿಂತೆ.

ಮೊನ್ನೆ ಫೋನಿನಲ್ಲಿ ನೀನು ಚೀನೀ ಪಾಠ ಬಿಟ್ಟೇಬಿಡುತ್ತೇನೆ ಎಂದದ್ದು ಕೇಳಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬಲಗೈಗೆ ಬದಲಿಸದಿದ್ದರೆ ಅಕ್ಷರ ಕೂರುವುದಿಲ್ಲ ಎಂದು ಕಲಿಸುವವರು ಹೇಳಿದರಂತೆ. ಅವರ ಮಾತಿನಲ್ಲಿ ಅರ್ಧ ಸತ್ಯ ಉಂಟು. ಗೆರೆಯ ದಿಕ್ಕು, ಗೆರೆಯ ಕ್ರಮ ಎರಡೂ ತಪ್ಪಬಾರದು. ಆದರೆ ಅದಕ್ಕೆ ಕೈ ಬದಲಿಸಬೇಕಾಗಿಲ್ಲ.

ನನ್ನದೂ ಎಡಗೈ ಎಂದು ನಿನಗೆ ಗೊತ್ತು. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ 'ಅ' ಬರೆದು 'ಆ'ಕ್ಕೆ ಬರುವಷ್ಟರಲ್ಲಿ ನನ್ನ ಅಂಗೈಯೇ 'ಅ'ವನ್ನು ಒರೆಸಿಬಿಡುತ್ತಿತ್ತು. ಕಿರುಬೆರಳಿನ ಬದಿ ಸಂಜೆವರೆಗೂ ಕಡ್ಡಿಯ ಹುಡಿಯಿಂದ ಬೆಳ್ಳಗೆ. ಅದನ್ನು ಕಂಡರೆ ಸಾಕು, ಬೆತ್ತದ ಪೆಟ್ಟು ಬೀಳುತ್ತಿತ್ತು. ಎರಡು ವರ್ಷ ಬಲಗೈಯಲ್ಲಿ ಬರೆದೆ. ಆ ಎರಡು ವರ್ಷ ನನಗೆ ಬರೆಯುವುದೆಂದರೆ ಭಯ, ಅಷ್ಟೇ ನೆನಪು. ಆಮೇಲೆ ನನ್ನ ಅಪ್ಪ ಶಾಲೆಗೆ ಬಂದು, ಅವನ ಕೈ ಅವನಿಗಿರಲಿ ಎಂದು ಹೇಳಿ ಹೋದರು. ನಿನಗೆ ಹಾಗೆ ಹೇಳುವವರು ಅಲ್ಲಿ ಯಾರೂ ಇಲ್ಲದ ಕಾರಣ ನಾನು ಹೇಳುತ್ತಿದ್ದೇನೆ.

ಈಗ ನನ್ನ ಕಸುಬಿನಿಂದ ಕಲಿತದ್ದು. ಉಪ್ಪಳದಿಂದ ಬದಿಯಡ್ಕದವರೆಗೆ ಎಷ್ಟೋ ಅಂಗಡಿಗಳ ಬೋರ್ಡು ಬರೆದಿದ್ದೇನೆ, ಕನ್ನಡ ಮಲಯಾಳ ಎರಡರಲ್ಲೂ. ಬೋರ್ಡಿನಲ್ಲಿ ತಲೆಕಟ್ಟನ್ನು ನಾನು ಬಲದಿಂದ ಎಡಕ್ಕೇ ಎಳೆಯುತ್ತಿದ್ದೆ, ನನ್ನ ಕೈಗೆ ಅದೇ ಸಲೀಸು. ಬಣ್ಣ ತುಂಬಿದ ಮೇಲೆ ಗೆರೆ ಎಲ್ಲಿಂದ ಹೊರಟಿತೆಂದು ಯಾರಿಗೂ ತಿಳಿಯುವುದಿಲ್ಲ. ಚೀನೀ ಅಕ್ಷರದಲ್ಲಿ ಅದು ನಡೆಯುವುದಿಲ್ಲ. ಕಳೆದ ರಜೆಯಲ್ಲಿ ನೀನು ಬಿಟ್ಟುಹೋದ ಚೌಕಳಿ ಪುಸ್ತಕ ತೆಗೆದು ನೋಡಿದೆ. 'ಮರ' ಎಂಬ ಅಕ್ಷರಕ್ಕೆ ನಾಲ್ಕೇ ಗೆರೆ: ಮೊದಲು ಅಡ್ಡ, ಮತ್ತೆ ನಡುವಿನ ಕಾಂಡ, ಆಮೇಲೆ ಎಡಕ್ಕೆ ಇಳಿಯುವುದು, ಕೊನೆಗೆ ಬಲಕ್ಕೆ ಇಳಿಯುವುದು. ಮಾದರಿಯ ಅಡ್ಡಗೆರೆ ಎಡತುದಿಯಲ್ಲಿ ಒತ್ತಿ ಹೊರಟು, ತುಸು ಮೇಲೇರುತ್ತಾ ಹೋಗಿ, ಬಲತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಿನ್ನದರಲ್ಲಿ ಆ ಗಟ್ಟಿ ತುದಿ ಎಡಕ್ಕಿದೆ, ಗೆರೆ ಬಲಕ್ಕೆ ಬಾಡಿದೆ. ನೀನೂ ನನ್ನ ಹಾಗೆ ಬಲದಿಂದ ಎಳೆದಿದ್ದೀ. ಅಕ್ಷರ ಕೂರದಿರಲು ಕಾರಣ ಇದು, ಕೈ ಅಲ್ಲ. ಬಲಕ್ಕೆ ಇಳಿಯುವ ಗೆರೆ ಮಾತ್ರ ನಿನಗೆ ಎಷ್ಟು ಚೆನ್ನಾಗಿ ಬಂದಿದೆ ಎಂದರೆ ನಾನು ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದೆ.

ಬಲಗೈಯವರು ಎಳೆಯುವ ಅಡ್ಡಗೆರೆಯನ್ನು ನಾವು ನೂಕಬೇಕು. ನೂಕುವಾಗ ಪೆನ್ನು ಕಾಗದಕ್ಕೆ ಚುಚ್ಚುತ್ತದೆ. ಅದಕ್ಕೇ ಪೆನ್ನನ್ನು ಮೊನೆಯಿಂದ ಇನ್ನೂ ತುಸು ಮೇಲೆ ಹಿಡಿ, ಸಡಿಲವಾಗಿ ಹಿಡಿ. ಪುಸ್ತಕವನ್ನು ಎದೆಯ ನೇರಕ್ಕಿಡದೆ ಎಡಕ್ಕೆ ಸರಿಸಿ, ಅದರ ತಲೆಯನ್ನು ಸ್ವಲ್ಪವೇ ಬಲಕ್ಕೆ ವಾಲಿಸು. ತೀರಾ ವಾಲಿಸಿದರೆ ಚೌಕದಲ್ಲಿ ಅಕ್ಷರವೇ ವಾಲುತ್ತದೆ. ಮಣಿಕಟ್ಟನ್ನು ಸಾಲಿನ ಮೇಲಿನಿಂದ ಕೊಕ್ಕೆಯ ಹಾಗೆ ಬಗ್ಗಿಸಬೇಡ, ಕೈ ಸಾಲಿನ ಕೆಳಗಿರಲಿ. ಜೆಲ್ ಪೆನ್ನು ಬಿಟ್ಟು ಪೆನ್ಸಿಲು ಹಿಡಿ. ಕ್ರಮ ಯಾಕೆ ಬಿಡಬಾರದು ಎಂದರೆ, ಬೇಗ ಬರೆಯುವಾಗ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕ್ರಮ ತಪ್ಪಿದರೆ ಕೂಡುವ ಜಾಗವೂ ತಪ್ಪುತ್ತದೆ, ಓದುವವರಿಗೆ ಗುರುತು ಹತ್ತುವುದಿಲ್ಲ.

ಇನ್ನೊಂದು ಮಾತು. ಚೀನೀಯರು ಹಿಂದೆ ಬರೆಯುತ್ತಿದ್ದದ್ದು ಮೇಲಿಂದ ಕೆಳಕ್ಕೆ, ಕಂಬಸಾಲುಗಳು ಬಲದಿಂದ ಎಡಕ್ಕೆ. ಅವರ ಪೀಪಲ್ಸ್ ಡೈಲಿ ಪತ್ರಿಕೆ ಅಡ್ಡಸಾಲಿಗೆ ತಿರುಗಿದ್ದು 1956ರ ಜನವರಿ 1ರಂದು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೂ ಅದೇ, ಹಾಗಾಗಿ ನನಗೆ ಮರೆಯುವುದಿಲ್ಲ. ಹಳೆಯ ಕ್ರಮದಲ್ಲಿ ನಮ್ಮ ಕೈ ಯಾವಾಗಲೂ ಖಾಲಿ ಕಾಗದದ ಮೇಲೆಯೇ ಇರುತ್ತದೆ, ಬರೆದದ್ದು ಒರೆಸಿಹೋಗುವುದಿಲ್ಲ. ದಿನಕ್ಕೆ ಒಂದು ಪುಟ ಹಾಗೆ ಬರೆದು ನೋಡು. ನಾನು ಬರೆದು ನೋಡಿದೆ, ಕಿರುಬೆರಳು ಶುಭ್ರವಾಗಿಯೇ ಇತ್ತು. ಸ್ಲೇಟಿನ ಕಾಲದಲ್ಲಿ ನನಗಿದು ಗೊತ್ತಿದ್ದರೆ ಎಂದು ಬಹಳ ಹೊತ್ತು ಕೂತೆ.

ಆ ದೇಶದಲ್ಲೂ ಎಡಗೈ ಮಕ್ಕಳನ್ನು ಬಲಕ್ಕೆ ತಿರುಗಿಸುವ ರೂಢಿ ಬಲವಾಗಿಯೇ ಇತ್ತು. ಆದರೂ ಗಾವ್ ಫೆಂಗ್‌ಹಾನ್ ಎಂಬ ಚಿತ್ರಕಾರ, 1683ರಲ್ಲಿ ಹುಟ್ಟಿದವನು, ಬಲಗೈ ಸ್ವಾಧೀನ ತಪ್ಪಿದ ಮೇಲೆ 1737ರಿಂದ ಎಡಗೈಯಲ್ಲೇ ಕುಂಚ ಹಿಡಿದ, ಎಡವನ್ನು ಮೇಲೆಂದು ಎಣಿಸುವವನು ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡ. ನಮ್ಮ ಕಾಲದಲ್ಲಿ ಫೇ ಶಿನ್‌ವೋ (1903–1992), ಬಲ ಮಣಿಕಟ್ಟು ರೋಗದಿಂದ ಕೆಟ್ಟಾಗ ಐವತ್ತು ದಾಟಿದ್ದ ಮನುಷ್ಯ, ಎಡಗೈಗೆ ಬಂದು ಅದರಿಂದಲೇ ದೊಡ್ಡ ಲಿಪಿಕಾರರೆನಿಸಿಕೊಂಡರು. ಅವರು ಅರ್ಧ ಆಯುಷ್ಯ ಕಳೆದ ಮೇಲೆ ಕಷ್ಟಪಟ್ಟು ತರಿಸಿಕೊಂಡ ಕೈ ನಿನಗೆ ಹುಟ್ಟಿನಿಂದಲೇ ಇದೆ. ಕುಂಚವನ್ನು ನೆಟ್ಟಗೆ ನಿಲ್ಲಿಸಿ, ಮಣಿಕಟ್ಟು ಎತ್ತಿ ಬರೆಯಬೇಕಂತೆ. ಪೆನ್ನಿಗಿಂತ ಅದು ನಮ್ಮಂಥವರಿಗೆ ಕಡಿಮೆ ತೊಂದರೆ ಕೊಡುತ್ತದೆ ಎಂದು ನನ್ನ ಕೈಯ ಅನುಭವ ಹೇಳುತ್ತದೆ.

ನಿನ್ನ ಪುಸ್ತಕದಲ್ಲೇ 'ಎಡ', 'ಬಲ' ಎಂಬ ಎರಡು ಅಕ್ಷರ ಅಕ್ಕಪಕ್ಕ ಇವೆ. ಮೇಲ್ಭಾಗ ಎರಡಕ್ಕೂ ಒಂದೇ, ಹಳೆಯ ಕಾಲದ ಕೈಯ ಚಿತ್ರ. ಬಲದ ಕೆಳಗೆ ಬಾಯಿ, ಎಡದ ಕೆಳಗೆ ಕೆಲಸ. ಅದನ್ನು ಕಂಡು ನನಗಾದ ಸಂತೋಷ ನಿನ್ನ ಅತ್ತೆಗೂ ಹೇಳಿದೆ.

ಉಳಿದಿದ್ದ ಪ್ಲೈವುಡ್ಡಿನಲ್ಲಿ ನಿನಗೊಂದು ಬರೆಯುವ ಹಲಗೆ ಮಾಡಿದ್ದೇನೆ. ಮುಂಗೈ ತಾಗುವ ಎಡ ಅಂಚನ್ನು ಉಜ್ಜಿ ನಯ ಮಾಡಿದೆ, ಎಣ್ಣೆ ಹಚ್ಚುವುದು ಬಾಕಿ. ಚೌತಿಗೆ ಬರುವಾಗ ಚೌಕಳಿ ಪುಸ್ತಕ ಎರಡು ತಾ, ಒಂದು ನನಗೆ. ಅಷ್ಟರೊಳಗೆ 'ಮರ'ದ ಅಡ್ಡಗೆರೆಯನ್ನು ಎಡದಿಂದ ನೂಕಿ ಬರೆದ ಒಂದು ಪುಟದ ಫೋಟೋ ಕಳಿಸು.

ನಿನ್ನ ಮಾವ