ಪುಟ್ಟಿಗೆ, ನೆಗೆಟಿವ್ ತಿದ್ದುತ್ತಿದ್ದ ದೊಡ್ಡಮ್ಮನಿಂದ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಎರಡು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಈ ಸಲ ಮೊದಲ ಬಾರಿ ಓಟು ಹಾಕುತ್ತಿದ್ದೀಯ, ಆ ನಟನಿಗೇ ಹಾಕುತ್ತೇನೆ ಎಂದೆ. ಯಾಕೆ ಅಂತ ಕೇಳಿದ್ದಕ್ಕೆ, "ಅವರ ಕಣ್ಣು ನೋಡಿದ್ರೇ ಗೊತ್ತಾಗತ್ತೆ ದೊಡ್ಡಮ್ಮಾ, ಒಳ್ಳೆಯವರು ಅಂತ" ಎಂದೆ. ಅದಾಗಿ ಹತ್ತು ನಿಮಿಷ ಕಳೆದಿರಲಿಲ್ಲ, ಕಾಲೇಜಿನ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲು ಅಂತ ಗೆಳತಿಯರು ದುಂಬಾಲು ಬಿದ್ದಿರುವ ವಿಷಯ ಬಂತು. "ಈ ಮೊಡವೆ ಮುಖ ಇಟ್ಕೊಂಡು ಪೋಸ್ಟರ್ ಮೇಲೆ ಬರ್ಲಾ?" ಅಂದುಬಿಟ್ಟೆ. ನಗುತ್ತಲೇ ಅಂದೆ, ಆದರೆ ಆ ನಗುವಿನಲ್ಲಿ ಸಂತೋಷ ಇರಲಿಲ್ಲ.

ನಿನ್ನ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಮಾತು. ನನಗೆ ಕೇಳಿಸಿದ್ದು ಒಂದೇ. ಅವರ ಮುಖ ನೋಡಿ ಅವರನ್ನು ನಂಬಿದೆ, ನಿನ್ನ ಮುಖ ನೋಡಿ ನಿನ್ನನ್ನು ನಂಬದೇ ಹೋದೆ. ಅಳೆಯುವ ಕೋಲು ಒಂದೇ. ಆ ಕೋಲನ್ನು ನಿನ್ನ ಕೈಯಿಂದ ಇಳಿಸಬೇಕು ಅಂತಲೇ ಈ ಕಾಗದ ಬರೆಯಲು ಕೂತಿದ್ದೇನೆ.

ಮದುವೆಗೂ ಮುಂಚೆ, ಆಮೇಲೂ ಎಷ್ಟೋ ವರ್ಷ ನಾನು ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡಿದ್ದು ನಿನಗೆ ಗೊತ್ತು. ಅಲ್ಲಿ ಏನು ಮಾಡುತ್ತಿದ್ದೆ ಅಂತ ನೀನು ಕೇಳಿಲ್ಲ, ನಾನೂ ಹೇಳಿಲ್ಲ. ನನ್ನದು ನೆಗೆಟಿವ್ ಟಚಪ್ ಮಾಡುವ ಕೆಲಸ, ಅಂದರೆ ಫೋಟೊ ಪ್ರಿಂಟ್ ಹಾಕುವ ಮೊದಲು ಅದರ ಫಿಲ್ಮನ್ನೇ ತಿದ್ದುವುದು. ಇಳಿಜಾರಾದ ಒಂದು ಮೇಜು, ಅದರಲ್ಲೊಂದು ಕಿಂಡಿ, ಕಿಂಡಿಯ ಹಿಂದೆ ಬೆಳಕು. ಕಿಂಡಿಯ ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲ್ ಹಿಡಿಯಲಿ ಅಂತ ಹತ್ತಿಯಲ್ಲಿ ಒಂದು ಬಗೆಯ ವಾರ್ನಿಶ್ ಸವರಿ, ಉಪ್ಪುಕಾಗದದ ಮೇಲೆ ಸೂಜಿಯ ಹಾಗೆ ಉಜ್ಜಿದ ಗಟ್ಟಿ ಪೆನ್ಸಿಲ್ ಹಿಡಿದು, ಭೂತಗನ್ನಡಿಯೊಳಗೆ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಕೆನ್ನೆಯ ಮೇಲಿನ ಕಪ್ಪು ಕಲೆ ಅಲ್ಲಿ ತಿಳಿಯಾದ ಚುಕ್ಕೆ. ಕಣ್ಣಿನ ಕೆಳಗಿನ ಕಪ್ಪು, ಹಣೆಯ ಗೆರೆ, ಎಲ್ಲವೂ ತೆಳು. ಆ ತೆಳು ಜಾಗವನ್ನು ಸಣ್ಣ ಸಣ್ಣ ಸುಳಿ ಎಳೆದು ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವಾಗ ತಂತಿಗೆ ಸಿಕ್ಕಿಸಿದ ರಟ್ಟಿನ ತುಂಡನ್ನು ಮುಖದ ಭಾಗದ ಮೇಲೆ ಎರಡು ಸೆಕೆಂಡು ಆಡಿಸಿ ಬೆಳಕು ತಡೆದರೆ ಮೈಬಣ್ಣವೂ ತಿಳಿಯಾಗುತ್ತಿತ್ತು. ಅಷ್ಟೇ, ಎರಡು ಸೆಕೆಂಡು.

ಚುನಾವಣೆ ಬಂತೆಂದರೆ ನಮಗೆ ರಾತ್ರಿಹಗಲು ಕೆಲಸ. ಒಂದು ಸಲ ಒಬ್ಬ ಅಭ್ಯರ್ಥಿಯ ಕಡೆಯವರು ಬಂದು ನನ್ನ ಮೇಜಿನ ಪಕ್ಕದಲ್ಲೇ ನಿಂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಹಣೆ ಮೇಲಿನ ಗೆರೆ ಹಾಗೇ ಇರಲಿ, ಅನುಭವಸ್ಥರು ಅಂತ ಕಾಣಬೇಕು. ಕಣ್ಣಿನ ಕೆಳಗಿನ ಕಪ್ಪು ಮಾತ್ರ ತೆಗೀರಿ, ಸುಸ್ತಾದವರ ಹಾಗೆ ಕಾಣಬಾರದು." ಅದೇ ಚುನಾವಣೆಯಲ್ಲಿ ಒಬ್ಬ ಹೆಣ್ಣುಮಗಳೂ ನಿಂತಿದ್ದರು. ಅವರ ಕಡೆಯವರು ಗೆರೆಗಳನ್ನೆಲ್ಲ ತೆಗೆಸಿದರು. ಪ್ರಿಂಟ್ ನೋಡಿ, "ಇದು ಸಿನಿಮಾದವರ ಹಾಗಾಯ್ತು, ಜನ ಗಂಭೀರವಾಗಿ ತಗೊಳ್ಳಲ್ಲ, ಸ್ವಲ್ಪ ವಾಪಸ್ ಹಾಕಿ" ಅಂದರು. ಹಾಕಿದೆ. "ಈಗ ವಯಸ್ಸಾಯ್ತು" ಅಂದರು. ಮೂರನೆಯ ಪ್ರಿಂಟಿಗೆ ಒಪ್ಪಿದರು. ಗಂಡಸಿಗೆ ಒಂದೇ ಪ್ರಿಂಟಿನಲ್ಲಿ ಮುಗಿದದ್ದು ಆಕೆಗೆ ಮೂರಾಯಿತು. ಅಷ್ಟು ಹೊತ್ತೂ ಆಕೆ ಏನು ಹೇಳುತ್ತಾರೆ, ಏನು ಮಾಡಬೇಕು ಅಂತಿದ್ದಾರೆ ಅನ್ನುವ ಮಾತು ಒಮ್ಮೆಯೂ ಬರಲಿಲ್ಲ. ನಾನೂ ಕೇಳಲಿಲ್ಲ. ಗೋಡೆಗೋಡೆಯ ಮೇಲೆ ನಾನು ತಿದ್ದಿದ ಆ ಎರಡು ಮುಖ ನೋಡಿಕೊಂಡೇ ಮತಗಟ್ಟೆಗೆ ಹೋದೆ.

ಅದಕ್ಕೇ ಹೇಳುತ್ತೇನೆ, ನೀನು ನೋಡಿದ ಆ "ಒಳ್ಳೆಯ ಕಣ್ಣು" ಒಬ್ಬರ ಕಣ್ಣಲ್ಲ. ಅದರ ಹಿಂದೆ ಬೆಳಕು ಹಿಡಿದವರಿದ್ದಾರೆ, ಬಣ್ಣ ಹಚ್ಚಿದವರಿದ್ದಾರೆ, ನೂರು ಚಿತ್ರ ತೆಗೆದು ತೊಂಬತ್ತೊಂಬತ್ತನ್ನು ಬದಿಗಿಟ್ಟವರಿದ್ದಾರೆ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಆ ಮನುಷ್ಯ ನಿಜವಾಗಿಯೂ ಒಳ್ಳೆಯವರೇ ಇರಬಹುದು. ಆದರೆ ಅದನ್ನು ಕಣ್ಣು ಹೇಳಲಾರದು.

ಇದು ನಿನ್ನೊಬ್ಬಳ ದೌರ್ಬಲ್ಯವೂ ಅಲ್ಲ ಮಗಳೇ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದಲ್ಲಿ ಜಾನ್ ಆಂಟೊನಾಕಿಸ್ ಮತ್ತು ಓಲಾಫ್ ದಾಲ್ಗಾಸ್ ಎಂಬಿಬ್ಬರು ಮಾಡಿದ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಐದರಿಂದ ಹದಿಮೂರು ವರ್ಷದ ಮಕ್ಕಳಿಗೆ ಹಡಗಿನ ಪ್ರಯಾಣದ ಆಟ ಆಡಿಸಿ, ಎರಡೆರಡು ಮುಖ ತೋರಿಸಿ, "ನಿಮ್ಮ ಹಡಗಿಗೆ ಕ್ಯಾಪ್ಟನ್ ಯಾರಾಗಲಿ?" ಅಂತ ಕೇಳಿದರು. ಆ ಮುಖಗಳು ಫ್ರಾನ್ಸಿನ ಸಂಸತ್ ಚುನಾವಣೆಯಲ್ಲಿ ಗೆದ್ದವರದು ಮತ್ತು ಅವರೆದುರು ಸೋತವರದು. ಮಕ್ಕಳಿಗೆ ಅವರು ಯಾರೆಂದೇ ಗೊತ್ತಿಲ್ಲ. ಆದರೂ ಮಕ್ಕಳು ಆರಿಸಿದ ಮುಖ ನೂರಕ್ಕೆ ಸುಮಾರು ಎಪ್ಪತ್ತೊಂದು ಸಲ ಗೆದ್ದವರದೇ ಆಗಿತ್ತು. ಐದು ವರ್ಷದ ಮಗು ಹಡಗಿಗೆ ಆರಿಸುವುದಕ್ಕೂ ದೊಡ್ಡವರು ಸಂಸತ್ತಿಗೆ ಆರಿಸುವುದಕ್ಕೂ ಅಂತರ ಅಷ್ಟು ಕಡಿಮೆ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ಟೀವಿ ಚರ್ಚೆಯಲ್ಲಿ ಎದುರುಬದುರು ನಿಂತ ಕಥೆ ನಿನ್ನ ಪಠ್ಯದಲ್ಲೂ ಬಂದಿರುತ್ತದೆ. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದವರು, ಇಳಿದುಹೋಗಿದ್ದರು, ಮೇಕಪ್ ಬೇಡ ಅಂದರು. ರೇಡಿಯೊದಲ್ಲಿ ಕೇಳಿದವರಿಗೆ ಅವರೇ ಗೆದ್ದಂತೆ ಅನ್ನಿಸಿತು ಎಂಬ ಮಾತು ಬಹಳ ಪ್ರಸಿದ್ಧ. ಅದಕ್ಕಿರುವ ಆಧಾರ ಅಷ್ಟು ಗಟ್ಟಿಯಲ್ಲ, ಅದನ್ನು ನಾನು ನೆಚ್ಚುವುದಿಲ್ಲ. ಆದರೆ ಕಾಯಿಲೆಯಿಂದ ಎದ್ದು ಬಂದವನ ಬಳಲಿಕೆ ಅವನ ವಿರುದ್ಧದ ವಾದವಾಗಿಬಿಟ್ಟಿತಲ್ಲ, ಅದು ನನಗೆ ಮುಖ್ಯ. ನನ್ನ ಮೇಜಿನ ಪಕ್ಕ ನಿಂತವರು ತೆಗೆಸಲು ಬಂದದ್ದೂ ಅದೇ ಬಳಲಿಕೆಯನ್ನು.

ನಟರು ರಾಜಕೀಯಕ್ಕೆ ಬರಬಾರದು ಎನ್ನುವ ಗುಂಪಿನವಳಲ್ಲ ನಾನು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್, ಎಂ.ಜಿ. ರಾಮಚಂದ್ರನ್, ಎನ್.ಟಿ. ರಾಮರಾವ್, 2019ರಲ್ಲಿ ಉಕ್ರೇನಿನ ಅಧ್ಯಕ್ಷರಾದ ಝೆಲೆನ್‌ಸ್ಕಿ, ಎಲ್ಲರೂ ನಟಿಸುತ್ತಿದ್ದವರೇ. ಮಾಡಿದ ಕೆಲಸ ಇಟ್ಟುಕೊಂಡು ಅವರನ್ನು ಹೊಗಳಲೂಬಹುದು, ತೆಗಳಲೂಬಹುದು. ಆದರೆ ತೆರೆಯ ಮೇಲಿನ ಗೆಳೆತನ ಎಂಥದ್ದು ಅಂತ ನಿನಗೆ ತಿಳಿದಿರಬೇಕು. ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬಿಬ್ಬರು ಸಂಶೋಧಕರು 1956ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ತೆರೆಯಿಂದ ನೇರವಾಗಿ ನಮ್ಮ ಕಡೆ ನೋಡಿ ಮಾತಾಡುವವನು ನಮಗೆ ಆಪ್ತನಾಗುತ್ತಾನೆ, ನಾವು ಅವನಿಗೆ ಯಾರೂ ಆಗಿರುವುದಿಲ್ಲ. ಒಂದು ಕಡೆಯಿಂದ ಮಾತ್ರ ಬೆಳೆಯುವ ನಂಟು. ನೀನು ಹೈಸ್ಕೂಲಿನಲ್ಲಿ ಬೇಸರದಲ್ಲಿದ್ದಾಗ ಆ ನಟನ ಸಿನಿಮಾ ನೋಡಿ ಸಮಾಧಾನ ಪಟ್ಟುಕೊಂಡವಳು. ಆ ಋಣ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆ ಋಣವನ್ನು ಓಟಿನಲ್ಲಿ ತೀರಿಸಬೇಡ ಅಂತಷ್ಟೇ ನನ್ನ ಮಾತು.

ಇನ್ನು ನಿನ್ನ ಮುಖದ ವಿಷಯ. ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ, ಯಾಕೆಂದರೆ ಇದರಲ್ಲಿ ನನ್ನ ಪಾಲೂ ಇದೆ. ಎಷ್ಟು ಹುಡುಗಿಯರ ಕೆನ್ನೆಯನ್ನು ಕೇಳದೆಯೇ ತಿದ್ದಿದೆನೋ ಲೆಕ್ಕವಿಲ್ಲ. ಒಬ್ಬಳು, ನಿನ್ನದೇ ವಯಸ್ಸಿನವಳು, ಪ್ರಿಂಟ್ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ಚೆನ್ನಾಗಿ ಬಂದಿದೆ" ಅಂದಳು. ಆಮೇಲೆ ಕೌಂಟರಿನ ಪಕ್ಕದ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಫೋಟೊವನ್ನು ಕವರಿನೊಳಗೆ ಹಾಕಿ, ಸೆರಗನ್ನು ಕೆನ್ನೆಯ ಕಡೆಗೆ ಸ್ವಲ್ಪ ಎಳೆದುಕೊಂಡು ಹೋದಳು. ಒಳಗೆ ಬಂದಾಗ ಆ ಸೆರಗು ಹಾಗಿರಲಿಲ್ಲ. ನಾನು ಅವಳ ಫೋಟೊ ತಿದ್ದಿದ್ದೆ ಅಂದುಕೊಂಡಿದ್ದೆ.

ಅವತ್ತು ಒಂದು ಪೆನ್ಸಿಲ್ ಒಬ್ಬಳಿಗೆ ಮಾಡಿದ್ದನ್ನು ಇವತ್ತು ನಿನ್ನ ಫೋನು ಕೇಳುವ ಮುಂಚೆಯೇ ಮಾಡಿಬಿಡುತ್ತದೆ. ದಿನಕ್ಕೆ ಎಷ್ಟು ಸಲ ಕ್ಯಾಮೆರಾ ತೆಗೆಯುತ್ತೀಯೋ ಅಷ್ಟು ಸಲ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ಒಂದು ಪ್ರಾಂತ್ಯಕ್ಕೆ ಟೀವಿ ಬಂದದ್ದು 1995ರಲ್ಲಿ. ಮೈಕೈ ತುಂಬಿಕೊಂಡಿರುವುದೇ ಚೆಲುವು ಅಂತ ತಿಳಿದಿದ್ದ ಜನ ಅವರು. ಆನ್ ಬೆಕರ್ ಎಂಬ ವೈದ್ಯೆ ಅಲ್ಲಿನ ಶಾಲಾ ಹುಡುಗಿಯರನ್ನು ಟೀವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಮಾತಾಡಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಎರಡನೆಯ ಸಲ ನೂರಕ್ಕೆ ಹನ್ನೊಂದು ಹುಡುಗಿಯರು ಹಾಗೆ ಮಾಡುತ್ತಿದ್ದರು. ಮೂರು ವರ್ಷ ಪುಟ್ಟಿ. ಅವರ ಕೈಯಲ್ಲಿ ಫೋನೂ ಇರಲಿಲ್ಲ.

ರೂಪದರ್ಶಿಯ ಮೈಯ ಆಕಾರ ತಿದ್ದಿದ ಜಾಹೀರಾತು ಚಿತ್ರದ ಮೇಲೆ "ತಿದ್ದಿದ ಚಿತ್ರ" ಎಂದು ಬರೆಯಲೇಬೇಕು ಅಂತ ಫ್ರಾನ್ಸ್ 2017ರಲ್ಲಿ ನಿಯಮ ತಂದಿತು, ಆಮೇಲೆ ನಾರ್ವೆಯೂ. ಒಳ್ಳೆಯ ಕೆಲಸ. ಆದರೆ ಹಾಗೆ ಬರೆದರೂ ನೋಡುವವರಿಗೆ ತಮ್ಮ ಮೈಮುಖದ ಬಗ್ಗೆ ಇರುವ ಬೇಸರ ಕಡಿಮೆಯಾಗುವುದಿಲ್ಲ ಅಂತ ಹಲವು ಅಧ್ಯಯನಗಳು ಹೇಳಿವೆ. ತಿದ್ದಿದ್ದು ಅಂತ ಗೊತ್ತಿದ್ದೂ ಮನಸ್ಸು ಹೋಲಿಸುತ್ತದೆ. ನನ್ನ ಕೈಯಿಂದಲೇ ತಿದ್ದಿದ ಮುಖದ ಎದುರು ನನ್ನ ಮುಖವನ್ನು ನಾನೇ ಹೋಲಿಸಿಕೊಂಡ ದಿನಗಳಿದ್ದವು. ಆದ್ದರಿಂದ "ಅದೆಲ್ಲ ಸುಳ್ಳು, ನಂಬಬೇಡ" ಎಂಬ ಒಣ ಬುದ್ಧಿಮಾತು ನಿನಗೆ ಹೇಳಲಾರೆ.

ಹಾಗಂತ ಚೆಲುವನ್ನು ಕಂಡು ಸಿಡುಕುವುದೂ ನನಗೆ ಸರಿ ಕಾಣುವುದಿಲ್ಲ. 1970ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯುವಾಗ ಹೆಂಗಸರು ಸಭಾಂಗಣದಲ್ಲಿ ಎದ್ದು ನಿಂತು ಹಿಟ್ಟಿನ ಪೊಟ್ಟಣ ತೂರಿದರು. "ನಾವು ಸುಂದರಿಯರಲ್ಲ, ಕುರೂಪಿಯರೂ ಅಲ್ಲ, ನಮಗೆ ಸಿಟ್ಟು ಬಂದಿದೆ" ಎಂಬುದು ಅವರ ಘೋಷಣೆ. ಆ ಸಿಟ್ಟು ನನ್ನದೂ ಹೌದು. ಅದೇ ರಾತ್ರಿ ಕಿರೀಟ ತೊಟ್ಟವರು ಗ್ರೆನಡಾ ಎಂಬ ಪುಟ್ಟ ದ್ವೀಪದ ಜೆನಿಫರ್ ಹೋಸ್ಟನ್, ಆ ಕಿರೀಟ ಪಡೆದ ಮೊದಲ ಕಪ್ಪು ಮಹಿಳೆ. ಬಿಳಿಯ ಚರ್ಮವೇ ಚೆಲುವು ಅನ್ನುತ್ತಿದ್ದ ಲೋಕದಲ್ಲಿ ಆ ಗೆಲುವಿಗೂ ಅರ್ಥವಿತ್ತು. ಮುಂದೆ ಅವರು ಕೆನಡಾದಲ್ಲಿ ತಮ್ಮ ದೇಶದ ರಾಯಭಾರಿಯ ಕೆಲಸವನ್ನೂ ಮಾಡಿದರು. ಒಂದೇ ಛಾವಣಿಯ ಕೆಳಗೆ ಎರಡೂ ನಡೆದವು, ನನಗೆ ಎರಡೂ ಬೇಕು. ಯಾರ ಮುಖಕ್ಕೆ ಚೆಲುವು ಎಂದು ಹೆಸರಿಡುತ್ತಾರೆ ಎಂಬುದರಲ್ಲೇ ರಾಜಕೀಯ ಇದೆ.

ಅದರ ಇನ್ನೊಂದು ತುದಿಯೂ ಇದೆ. ನಿನ್ನ ಕೋಣೆಯಲ್ಲಿ ಅಮೆರಿಕದ ಕಪ್ಪು ಹೋರಾಟಗಾರ್ತಿ ಏಂಜೆಲಾ ಡೇವಿಸ್ ಅವರ ಚಿತ್ರ ಅಂಟಿಸಿದ್ದೀಯ, ಆ ದುಂಡು ಗುಂಗುರು ಕೂದಲಿನದು. 1970ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅವರನ್ನು ಹುಡುಕುತ್ತಾ ಆ ಮುಖವನ್ನು ಎಲ್ಲೆಡೆ ಅಂಟಿಸಿದಾಗ, ಅಂಥದೇ ಕೂದಲಿದ್ದ ಎಷ್ಟೋ ಹೆಂಗಸರನ್ನು ಪೊಲೀಸರು ತಡೆದು ನಿಲ್ಲಿಸಿದರು. ಡೇವಿಸ್ ಜೈಲಿನಲ್ಲಿದ್ದು, 1972ರಲ್ಲಿ ನಿರ್ದೋಷಿ ಎಂದು ಬಿಡುಗಡೆಯಾದರು. ಇಪ್ಪತ್ತು ವರ್ಷ ಕಳೆದ ಮೇಲೆ ಹೊಸ ತಲೆಮಾರು ತನ್ನನ್ನು ಒಂದು ಕೇಶಶೈಲಿಯಾಗಿ ಮಾತ್ರ ನೆನಪಿಟ್ಟುಕೊಂಡಿದೆ ಎಂದು ನೋವಿನಿಂದ ಅವರೇ ಬರೆದರು. ಜೀವ ಪಣಕ್ಕಿಟ್ಟ ಹೋರಾಟ ಫ್ಯಾಶನ್ ಪುಟವಾಯಿತು. ಆ ಚಿತ್ರ ಕೀಳಬೇಡ. ಜೈಲುಗಳ ಬಗ್ಗೆ ಅವರು ಏನು ಹೇಳಿದ್ದಾರೆ ಅಂತ ಓದಿ, ಆಮೇಲೆ ಅದರ ಎದುರು ಕೂತು ನೋಡು.

ನಟನ ವಿಷಯಕ್ಕೂ ಹಾಗೇ ಒಂದು ಕೆಲಸ ಮಾಡು. ಅವರ ಭಾಷಣವೊಂದನ್ನು ಹಾಕಿ, ಫೋನನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು, ಬರೀ ಕೇಳು. ಎದುರಾಳಿಯದನ್ನೂ ಹಾಗೇ ಕೇಳು. ಕಷ್ಟದ ಪ್ರಶ್ನೆ ಬಂದಾಗ ಇಬ್ಬರೂ ಏನು ಹೇಳಿದರು, ಲೆಕ್ಕ ಕೊಟ್ಟರೋ ಮಾತು ತೇಲಿಸಿದರೋ, ಒಂದು ಹಾಳೆಯಲ್ಲಿ ಬರೆದುಕೋ. ಅದಾದ ಮೇಲೂ ಅವರೇ ಸರಿ ಅನ್ನಿಸಿದರೆ ಅವರಿಗೇ ಹಾಕು, ನನ್ನದೇನೂ ಅಡ್ಡಿಯಿಲ್ಲ.

ಹಾಸ್ಟೆಲ್ಲಿನ ನೀರಿನ ವಿಷಯಕ್ಕೆ ವಾರ್ಡನ್ ಎದುರು ಹೋಗಿ ನಿಂತವಳು ಯಾರು? ಅರ್ಜಿ ಬರೆದು ನೂರಾರು ಸಹಿ ಹಾಕಿಸಿದವಳು ಯಾರು? ನಿನ್ನ ಗೆಳತಿಯರು ನಿನ್ನನ್ನೇ ನಿಲ್ಲು ಅನ್ನುತ್ತಿರುವುದು ಅದನ್ನು ಕಣ್ಣಾರೆ ನೋಡಿ. ಮೊಡವೆ ಅವತ್ತೂ ಇತ್ತು.

ನಾಮಪತ್ರ ಕೊಡಲು ಶುಕ್ರವಾರ ಕಡೆಯ ದಿನ ಅಂದಿದ್ದೆ. ಕಾಗದ ಅಷ್ಟರೊಳಗೆ ಕೈಸೇರಲಿ ಅಂತ ಇವತ್ತೇ ಹಾಕಿಸುತ್ತಿದ್ದೇನೆ. ಪೋಸ್ಟರಿಗೆ ಫೋಟೊ ಬೇಕೇ ಬೇಕು ಅಂದರೆ ಬೆಳಗ್ಗೆ ಹೊತ್ತು ಕಿಟಕಿಯ ಪಕ್ಕ ನಿಂತುಕೋ. ಬೆಳಕು ಒಂದು ಬದಿಯಿಂದ ಬೀಳಲಿ, ಫಿಲ್ಟರ್ ಎಲ್ಲ ಆಫ್ ಮಾಡಿಸು, ಯಾರಾದರೂ ಗೆಳತಿ ನಿನ್ನನ್ನು ಮಾತಾಡಿಸುತ್ತಿರುವಾಗ ತೆಗೆಯಲಿ. ತೆಗೆದದ್ದನ್ನು ಮೊದಲು ನನಗೆ ಕಳಿಸು. ಹಳೆಯ ಭೂತಗನ್ನಡಿ ಇನ್ನೂ ನನ್ನ ಹತ್ತಿರ ಇದೆ. ಈ ಸಲ ಪೆನ್ಸಿಲ್ ಮುಟ್ಟದೆ ಬರೀ ನೋಡುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಮ್ಮ